ತಿಳಿಯಾಗಬಾರದ ನೀರು

ಬೆಟಗೇರಿಯ ಪುಟ್ಟ ಮಣ್ಣು ಪರೀಕ್ಷಾಲಯದಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಮುಳಗುಂದದಿಂದ ಮೊದಲ ಬಸ್ಸು ಹಿಡಿದು ಬಂದ ಅನ್ನಪೂರ್ಣ ಉದ್ದನೆಯ ಗಾಜಿನ ಜಾಡಿಯ ಮುಂದೆ ಕುಳಿತಿದ್ದಾರೆ. ಒಳಗೆ ನಿನ್ನೆ ಕದಡಿಟ್ಟ ಮಣ್ಣುನೀರು. ಅದು ರಾಡಿಯಾಗಿಯೇ ಉಳಿದಿದ್ದರೆ ಶಿರಹಟ್ಟಿ ಬಳಿಯ ಅವರ ತವರಿಗೆ ಕೆರೆ ಬರುತ್ತದೆ, ತಿಳಿಯಾಗಿದ್ದರೆ ಇಲ್ಲ.

ಕೆರೆಗೆಂದು ಗುರುತಿಸಿದ ಜಾಗದ ಅಡಿಯಲ್ಲಿ ಬಂಡೆ ಸೀಳಿದೆ. ಎಂದೋ ಎರಡು ಹೋಳುಗಳು ಉಜ್ಜಿ ಸರಿದು ನಡುವಿನ ಕಲ್ಲು ಹಿಟ್ಟಾಗಿದೆ. ಆ ಹಿಟ್ಟಿನಲ್ಲಿ ಜೇಡಿಮಣ್ಣು ಸಾಕಷ್ಟಿದ್ದರೆ ಸೀಳು ಬಿರಡೆ ಹಾಕಿದಂತೆ ಮುಚ್ಚಿರುತ್ತದೆ. ಇಲ್ಲದಿದ್ದರೆ ಕೆರೆಯ ನೀರೆಲ್ಲ ಅದರೊಳಗೇ ಸೋರಿಹೋಗುತ್ತದೆ. ಜೇಡಿಯ ಪಾಲನ್ನು ಅಳೆಯುವುದು ಅನ್ನಪೂರ್ಣ ಅವರ ಕೆಲಸ. ಮರಳು ಬೇಗ ತಳ ಸೇರುತ್ತದೆ, ಜೇಡಿ ಮರುದಿನವೂ ತೇಲುತ್ತದೆ.

ಮೊದಲ ಸಲ ನೀರು ರಾಡಿಯಾಗಿಯೇ ಇತ್ತು. ಸಂತೋಷ ತಡೆಯದೆ ತವರಿನಲ್ಲಿರುವ ಅತ್ತಿಗೆ ರಾಮವ್ವನಿಗೆ ಫೋನು ಮಾಡಿಬಿಟ್ಟರು. ಆಮೇಲೆ ಬೆರಳಿಗಂಟಿದ ಬಣ್ಣ ಕಾಡತೊಡಗಿತು. ಬೂದು ಕಲ್ಲಿನ ಹಿಟ್ಟಿನಲ್ಲಿ ಇಷ್ಟು ಕಪ್ಪು ಎಲ್ಲಿಂದ ಬಂತು? ಮಾದರಿಗಾಗಿ ನೆಲ ಕೊರೆದಿದ್ದ ಮೈಲಾರಪ್ಪನನ್ನೇ ಕೇಳಿದರು.

"ತೂತಿನ್ಯಾಗ ಹೊಲದ ಕರೀ ಎರಿ ಮಣ್ಣ ಕಲಿಸಿ ಹಾಕಿದ್ಯೇನೋ?"

"ಹಾಕ್ಲಿಲ್ಲಂದ್ರ ಕುಸೀತೈತ್ರಿ ಅಕ್ಕಾರ. ನಮ್ಮಪ್ಪನ ಕಾಲದಿಂದ್ಲೂ ಹಂಗ."

"ಹಂಗಾರ ನಾ ಅಳದದ್ದು ಕಲ್ಲಿನ ಜೇಡಿ ಅಲ್ಲೋ ಮಾರಾಯಾ, ಯಾರದೋ ಹೊಲದ ಎರಿ!"

ಮರುಪರೀಕ್ಷೆಯ ಸುದ್ದಿ ಕೇಳಿ ಅತ್ತಿಗೆ ಸಿಡಿದರು: "ಓಣಿಗೆಲ್ಲ ಸಕ್ರಿ ಹಂಚೇನಿ. ಈಗ ತಿರುಗಿ ಕೇಳ್ಲೇನು? ತವರಿಗೆ ನೀರ ಬರೂದು ನಿನಗ ಬ್ಯಾಡಾಗೈತಿ."

"ಎರಿ ಬೆರೆತದ್ದು ಯಾರಿಗೂ ಗೊತ್ತಾಗ್ತಿರ್ಲಿಲ್ರಿ," ಎಂದು ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ ಅನ್ನಪೂರ್ಣ. "ನಾ ಸುಮ್ಮ ಕುಂತಿದ್ರ ಕೆರಿ ಆಗ್ತಿತ್ತು. ಮುಂದ ಅದು ಬತ್ತಿದಾಗ ದಂಡಿ ಮ್ಯಾಲ ಯಾವ ಮಾರಿ ಹೊತ್ಕೊಂಡು ನಿಲ್ಲಲಿ?"

ಎರಡನೆಯ ಸಲ ಎರೆಮಣ್ಣು ಸೋಕಿಸದೆ, ತೂತು ಕುಸಿಯದಂತೆ ಕಬ್ಬಿಣದ ಕೊಳವೆ ಇಳಿಸಿ ಕೊರೆಸಿದರು. ಆ ಮಣ್ಣೇ ಈಗ ಜಾಡಿಯಲ್ಲಿದೆ. ಕಿಟಕಿಯ ಬೆಳಕು ಬಲಿಯುತ್ತಿದೆ. ಅವರ ತುಟಿ ಅಲುಗುತ್ತದೆ: "ರಾಡಿ ಇರು, ರಾಡಿ ಇರು."

ಜಾಡಿಯ ನೀರಿನ ಮೂಲಕವೇ, ಹಿಂದೆ ಗೋಡೆಗೆ ತೂಗಿದ ಕ್ಯಾಲೆಂಡರಿನ ಅಂಕಿಗಳು ಒಂದೊಂದಾಗಿ ಕಾಣಿಸುತ್ತವೆ. ನೀರು ತಿಳಿಯಾದಷ್ಟೂ ಕೆಳಗಿಳಿಯುವ ತೇಲುಮಾಪಕವನ್ನು ಬಿಟ್ಟರೆ ಅದು ಆಳಕ್ಕೆ ಇಳಿದು ನಿಲ್ಲುತ್ತದೆ. ಜೇಡಿ ಸಾಲದು. ಅನ್ನಪೂರ್ಣ ಸೆರಗಿನಿಂದ ಕೈ ಒರೆಸಿಕೊಂಡು ಬರೆಯುತ್ತಾರೆ: ಈ ಜಾಗದಲ್ಲಿ ನೀರು ನಿಲ್ಲದು.

"ಪಂಚಮಿಗೆ ತವರಿಗೆ ಹೋಗುತ್ತೀರಾ?" ಎಂದು ಕೇಳುತ್ತೇನೆ.

ಅವರು ಜಾಡಿ ತೊಳೆದು ಬೋರಲು ಹಾಕುತ್ತಾರೆ.

"ಹೋಗ್ತೀನ್ರಿ. ಅತ್ತಿಗಿ ಬಾಗಲಕ್ಕ ಬಂದು, ಕಾಲಿಗೆ ಒಂದ ತಂಬಿಗಿ ನೀರ ಕೊಟ್ರ ಸಾಕು."