ಗಂಡುಮೀನಿನ ಬಿಳಿ ಕಾಳು

ಶಿವನಿಯಲ್ಲಿರುವ ತಂಗಿಯ ಮಗಳ ಬಾಣಂತನಕ್ಕೆಂದು ಹೊರಟ ಹೆಂಡತಿ, ಅಜ್ಜಂಪುರದ ಮನೆಯಲ್ಲಿ ನನಗೆ ಒಪ್ಪಿಸಿ ಹೋದದ್ದು ಗಾಜಿನ ತೊಟ್ಟಿಯ ಎರಡು ಗೋಲ್ಡ್ ಫಿಶ್, ಒಂದು ಗಂಡು, ಒಂದು ಹೆಣ್ಣು. ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಕೊಂಡು, ನೀರು ತುಂಬಿದ ಕವರನ್ನು ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಅವು ಮರಿ ಮಾಡುವುದನ್ನು ನೋಡಬೇಕೆಂಬ ಆಸೆ ಅವಳಿಗೆ. 'ಫುಡ್ ಜಾಸ್ತಿ ಹಾಕ್ಬೇಡಿ, ಅಷ್ಟು ಸಾಕು ಕಣ್ರೀ' ಎಂದಿದ್ದಳು. ಆದರೆ ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ.

ಒಂದು ಬೆಳಿಗ್ಗೆ ಗಂಡುಮೀನಿನ ಕಿವಿರ ಮೇಲೆ ರವೆಯಂಥ ಬಿಳಿ ಕಾಳುಗಳು ಎದ್ದಿದ್ದವು. ಹೆಣ್ಣಿನ ಹಿಂದೆಯೇ ಬಿದ್ದು ಮೈ ಉಜ್ಜುತ್ತಿತ್ತು. ತುರಿಕೆ ಎಂದುಕೊಂಡೆ. ಮೈಮೇಲೆ ಹಾಗೆ ಗುಳ್ಳೆ ಎದ್ದರೆ ನಮ್ಮಲ್ಲಿ 'ಅಮ್ಮ ಆಗಿದೆ' ಎನ್ನುತ್ತಾರೆ. ಮಲಗಿದವರನ್ನು ಬೇರೆ ಇರಿಸಿ, ಬೇವು, ಅರಿಶಿನದ ನೀರು ಎರೆಯುತ್ತಾರೆ. ಚಿಕ್ಕಂದಿನಲ್ಲಿ ನನಗೂ ಹಾಗೇ ವಾಸಿಯಾಗಿತ್ತು. ಗಂಡುಮೀನನ್ನು ಬಕೆಟ್ಟಿಗೆ ಹಾಕಿ, ಬೇವಿನ ಸೊಪ್ಪು ಅರೆದು ಬಿಟ್ಟು, ಅರಿಶಿನವನ್ನೂ ಕದಡಿದೆ. ಹೆಂಡತಿಯನ್ನು ಒಂದು ಮಾತು ಕೇಳಬಹುದಿತ್ತು. ಬಾಣಂತಿ ಇರುವ ಮನೆಯಲ್ಲಿ ಅವಳಿಗೆ ನೂರೆಂಟು ಕೆಲಸ ಎಂದು ನೆಪ ಹೇಳಿಕೊಂಡೆ. ಮರುದಿನ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಫೋನ್ ಮಾಡಿ, ಅಮ್ಮ ಆಗಿ ಸತ್ತುಹೋಯಿತು ಎಂದೆ.

'ಗುಳ್ಳೆ ಎಲ್ಲೆದ್ದಿತ್ತು?'

ಕಿವಿರ ಮೇಲೆ ಎಂದೆ. 'ಹೋಗ್ಲಿ ಬಿಡಿ. ನೀವು ಊಟ ಮಾಡಿದ್ರಾ?' ಎಂದಳು.

ಎಲ್ಲೆದ್ದಿತ್ತು ಎಂದು ಅವಳು ಕೇಳಿದ್ದು ಕೊರೆಯತೊಡಗಿತು. ಫೋನಿನಲ್ಲಿ ಹುಡುಕಿದೆ. ಅದೇ ಮೀನು, ಅದೇ ಕಾಳು. ರೋಗವಲ್ಲ, ಮರಿ ಮಾಡುವ ಕಾಲಕ್ಕೆ ಗಂಡಿನ ಚರ್ಮವೇ ಅಲ್ಲಲ್ಲಿ ಗಟ್ಟಿಯಾಗಿ ಹಾಗೆ ಏಳುತ್ತದಂತೆ. ಅದರಿಂದ ಹೆಣ್ಣನ್ನು ಉಜ್ಜಿ ಮೊಟ್ಟೆ ಇಡಿಸುತ್ತದಂತೆ. ಮದುವಣಿಗನನ್ನು ಹಸೆಮಣೆಯಿಂದ ಎಳೆದು ಕೊಂದಿದ್ದೆ ನಾನು. ಒಬ್ಬನೇ ಇದ್ದರೂ ನಾಚಿಕೆಯಾಯಿತು.

ಅವಳು ಬಂದ ದಿನವೇ ಕೇಳಿಬಿಟ್ಟೆ: 'ಅದು ಕಾಯಿಲೆ ಅಲ್ಲ ಅಂತ ನಿಂಗೆ ಗೊತ್ತಿತ್ತೇನೇ?'

'ಗೊತ್ತಿತ್ತು. ಅದು ಏಳೋದನ್ನೇ ಕಾಯ್ತಿದ್ದೆ.'

'ಮತ್ಯಾಕೆ ಬೈಲಿಲ್ಲ?'

'ಬೈದ್ರೆ ಎದ್ದು ಬತ್ತಿತ್ತಾ?'

ಬೈದಿದ್ದರೆ ನನಗಾದರೂ ಹಗುರವಾಗುತ್ತಿತ್ತು. ಸಂಜೆ ಬಂದ ಪಕ್ಕದ ಮನೆಯಾಕೆ ತೊಟ್ಟಿ ನೋಡಿ, ಇನ್ನೊಂದು ಮೀನು ಎಲ್ಲಿ ಎಂದು ಕೇಳಿದರು. ನಿಜ ಹೇಳಿಬಿಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯೇ ಹೇಳಿದಳು: 'ಕಾಯಿಲೆ ಬಂದು ಹೋಯ್ತು ಕಣ್ರೀ. ಪಾಪ, ಇವ್ರು ನೋಡ್ಕೊಂಡಷ್ಟು ನಾನಿದ್ದಿದ್ರೂ ನೋಡ್ಕೋತಿರ್ಲಿಲ್ಲ.'

ನಾನು ತೆರೆದ ಬಾಯಿ ಮುಚ್ಚಿಕೊಂಡೆ.