ಢೋಲಕಿ ಸುಮ್ಮನಿರಬೇಕಾದ ಜಾಗ

ಅಪ್ಪ ಬಸವಕಲ್ಯಾಣದ ನಮ್ಮ ಓಣಿಯ ಭಜನಾ ಮೇಳಕ್ಕೆ ಢೋಲಕಿ ಬಾರಿಸುತ್ತಿದ್ದರು. ನಾನು ಹುಮನಾಬಾದಿಗೆ ಮದುವೆಯಾಗಿ ಹೋದವಳು. ಗಂಡನ ಕ್ಯಾಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಎರಡು ಮೈಕು, ಸದ್ದು ಗುಂಯ್ಗುಡದಿರಲೆಂದು ಗೋಡೆಗೆಲ್ಲ ಹಳೆಯ ಕೌದಿ. ಅದನ್ನೇ ಧೈರ್ಯವಾಗಿ ಸ್ಟುಡಿಯೋ ಎನ್ನುತ್ತಿದ್ದೆವು. ಎರಡು ಸಾವಿರದ ಇಸವಿ ದಾಟಿತ್ತು, ಕ್ಯಾಸೆಟ್ಟನ್ನು ಸಿ.ಡಿ. ನುಂಗುತ್ತಿದ್ದ ಕಾಲ. ಮಾರುವ ಕೆಲಸ ಗಂಡನದು, ರೆಕಾರ್ಡಿಂಗ್ ನನ್ನದು.

ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಯಾರೋ ಬಾರಿಸಿದ ಪೆಟ್ಟನ್ನು ಕೇಳಿಸಿಕೊಂಡು, ಅದೇ ಜಾಗಕ್ಕೆ ನಾವು ಮೊದಲೇ ತುಂಬಿಟ್ಟ ಬೇರೊಂದು ಪೆಟ್ಟನ್ನು ಕೂರಿಸುತ್ತಿತ್ತು. ಕೈ ಒಬ್ಬರದು, ದನಿ ಇನ್ನೊಬ್ಬರದು. ಅದಕ್ಕೆ ತುಂಬಲೆಂದು ಅಪ್ಪನನ್ನು ಕೂರಿಸಿ ಬಿಡಿಬಿಡಿಯಾಗಿ ಹೊಡೆಸಿದ್ದೆ. ಜೋರಾಗಿ, ಮೆಲ್ಲಗೆ, ಬೆರಳ ತುದಿಯಿಂದ, ಅಂಗೈಯಿಂದ.

"ಒಂದೊಂದ ಪೆಟ್ಟ ಹಾಕ್ಕೋತ ಕುಂದ್ರಾಕ ನಾ ಏನ್ ಬಡಗ್ಯಾ ಏನವಾ?" ಎಂದು ರೇಗಿದರು. ರೇಗುತ್ತಲೇ ಹೊಡೆದರು. ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು.

ಢೋಲಕಿಯವರು ಹೋದರೆ ಅವರ ಢೋಲಕಿಯ ಹಗ್ಗ ಸಡಿಲಿಸಿ ಗೋಡೆಗೆ ತೂಗುಹಾಕುವುದು ನಮ್ಮ ಮೇಳದ ರೂಢಿ. ವರ್ಷ ತುಂಬುವ ತನಕ ಯಾರೂ ಬಿಗಿಯಕೂಡದು. ಬಿಗಿದರೆ ಹೋದವರು ಹಿಂದಿರುಗಿ ನೋಡುತ್ತಾರಂತೆ. ಹಾಗಾಗಿ ಅಣ್ಣ ಹೊಸ ಢೋಲಕಿ ತಂದ. ಅದರ ದನಿಗೂ ಎಣ್ಣೆ ಡಬ್ಬಿಗೂ ಹೆಚ್ಚೇನು ವ್ಯತ್ಯಾಸವಿರಲಿಲ್ಲ.

ಅವ್ವ ಮಾತ್ರ ಭಜನೆಯಲ್ಲಿ ಕೂರುವುದನ್ನೇ ಬಿಟ್ಟಳು. ಪಡಸಾಲೆಯಲ್ಲಿ ಮೇಳ ಸೇರಿದರೆ ಅವಳು ಅಡುಗೆಮನೆಯ ಬಾಗಿಲ ಹಿಂದೆ. ಕರೆದರೆ, "ನೀವ್ ಹಾಡ್ರಿ, ನನಗ ಕೆಲಸ ಅದ" ಎನ್ನುವಳು. ಒಲೆ ಆರಿರುತ್ತಿತ್ತು, ಪಾತ್ರೆ ತೊಳೆದಾಗಿರುತ್ತಿತ್ತು. ಅವಳು ಒಮ್ಮೆ ಹೊರಗೆ ಬಂದು ಕೂತರೆ ಸಾಕು ಎಂದು ನನ್ನ ಜೀವ ಹಪಹಪಿಸುತ್ತಿತ್ತು. ಅಪ್ಪನ ಢೋಲಕಿಯ ದನಿ ಕೇಳಿದರೆ ಬಂದಾಳು ಎಂದುಕೊಂಡೆ.

ಮೇಳದವರು ಸಿ.ಡಿ. ಮಾಡಿಸಲು ಒಪ್ಪಿದಾಗ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆದೊಯ್ಯುವ ಹಾಗೆ ಜೀಪಿನಲ್ಲಿ ತವರಿಗೆ ಒಯ್ದೆ. ಒಂದು ಮೈಕು ಹಾಡುವವರಿಗೆ, ಇನ್ನೊಂದು ಅಡುಗೆಮನೆ ಬಾಗಿಲ ಪಕ್ಕ ಕೂತ ಅಣ್ಣನಿಗೆ. ಫ್ಯಾನ್ ಬಂದ್ ಮಾಡಿಸಿದ್ದಕ್ಕೆ ಹಿರಿಯರು ಬೆವರೊರೆಸುತ್ತ ಗೊಣಗಿದರು. ಹಾಡು ಬೇಕೋ ಗಾಳಿ ಬೇಕೋ ಎಂದು ನಾನೂ ಗದರಿದೆ.

ಹುಮನಾಬಾದಿಗೆ ಮರಳಿ ಕೆಲಸಕ್ಕೆ ಕೂತೆ. ಅಣ್ಣನ ಕೈ ಮೆತ್ತಗೆ, ಆದ್ದರಿಂದ ಸಣ್ಣ ಸದ್ದನ್ನೂ ಬಿಡದೆ ಹಿಡಿಯುವಂತೆ ಸಾಫ್ಟ್‌ವೇರಿಗೆ ಹೇಳಿದ್ದೆ. ಅಣ್ಣನ ಪೆಟ್ಟುಗಳ ಜಾಗಕ್ಕೆ ಅಪ್ಪನ ಪೆಟ್ಟುಗಳನ್ನು ಕೂರಿಸಿ ಕೇಳಿದೆ. ಅಪ್ಪ ಬಾರಿಸುತ್ತಿದ್ದರು, ಆದರೆ ಅಣ್ಣನ ಹಾಗೆ ಬಾರಿಸುತ್ತಿದ್ದರು. ಮೂರನೆಯ ಭಜನಾಪದದಲ್ಲಿ ಹಾಡುವವರು ಉಸಿರಿಗೆಂದು ನಿಲ್ಲುವ ಕಡೆ ಢೋಲಕಿಯೂ ನಿಲ್ಲಬೇಕು. ಅಲ್ಲಿ ಮೆಲ್ಲಗೆ ಎರಡು ಪೆಟ್ಟು ಬಿದ್ದವು. ಆ ಬಿಡುವಿನಲ್ಲಿ ಎರಡು ಪೆಟ್ಟು ಹಾಕಿ ಹಾಡುವವರನ್ನು ಕೆಣಕುವುದು ಅಪ್ಪನ ಚಾಳಿ. ಅಣ್ಣ ಎಂದೂ ಹಾಗೆ ಮಾಡಿದವನಲ್ಲ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತಿದ್ದ ಸುಡು ಮಧ್ಯಾಹ್ನ. ನನ್ನ ಮೈಮೇಲೆ ಮುಳ್ಳೆದ್ದವು.

ಅಣ್ಣನಿಗೆ ಫೋನ್ ಹಚ್ಚಿದೆ. "ಅಲ್ಲಿ ನಾ ಕೈ ಎತ್ತೀನಿ, ಬಾರ್ಸಿಲ್ಲ," ಎಂದ. ಫೋನನ್ನು ಹಾಗೇ ಇಟ್ಟು ಗೋಡೆಯ ಢೋಲಕಿ ನೋಡಿಬಂದ. "ಹಗ್ಗ ಸಡ್ಲ ಅದ. ಆದ್ರ ನಾ ಇನ್ನ ಬಾರ್ಸಂಗಿಲ್ಲ. ಅದನ್ನ ಅಳಿಸಿ ಒಗಿ."

ಅಳಿಸುವ ಮುನ್ನ ಅಪ್ಪನ ದನಿಯನ್ನು ತೆಗೆದು, ಮೈಕಿಗೆ ಬಿದ್ದ ಮೂಲ ಸದ್ದನ್ನೇ ಜೋರು ಮಾಡಿ ಕೇಳಿದೆ. ಬಾಗಿಲ ಆಚೆಯಿಂದ ತಗಡಿನ ಮೇಲೆ ಕೈ ಬಿದ್ದ ಸದ್ದು. ನಮ್ಮ ಹಿಟ್ಟಿನ ಡಬ್ಬಿ! ಹೋದ ಜೀವ ಬಂದಂತಾಯಿತು.

ಮರುದಿನವೇ ತವರಿಗೆ ಹೋಗಿ, ಪಡಸಾಲೆಯಲ್ಲಿ ಪ್ಲೇಯರಿಗೆ ಸಿ.ಡಿ. ಹಾಕಿ, ಬಾಗಿಲಲ್ಲಿ ನಿಂತ ಅವ್ವನಿಗೆ ಅಪ್ಪನ ದನಿಯಲ್ಲೇ ಆ ಪದ ಕೇಳಿಸಿದೆ. "ಡಬ್ಬಿ ಬಡಿದಾಕಿ ನೀನ ಹೌದಿಲ್ಲೋ?" ಎಂದೆ.

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು. "ಆ ಜಾಗಾ ಬಂತು. ಯಾರೂ ಹೊಡೀಲಿಲ್ಲ. ಖಾಲಿ ಬಿಡಾಕ ನನಗ ಆಗ್ಲಿಲ್ಲ," ಎಂದಳು. ಆಮೇಲೆ ಮೆಲ್ಲಗೆ, "ಆದ್ರ ನಾ ಹೊಡದದ್ದು ಒಂದ. ಇನ್ನೊಂದು ಯಾರದ?"

ಉತ್ತರ ನನಗೆ ಗೊತ್ತಿತ್ತು. ಡಬ್ಬಿಯ ಮುಚ್ಚಳ ಅದುರಿದ್ದನ್ನು ಕಂಪ್ಯೂಟರ್ ಎರಡನೆಯ ಪೆಟ್ಟೆಂದು ತಿಳಿದಿತ್ತು. ಹಾಗಾಗುವುದು ಉಂಟು, ಅದನ್ನು ಸರಿಪಡಿಸುವುದು ಒಂದು ಕ್ಷಣದ ಕೆಲಸ. ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಹೊಸ್ತಿಲು ದಾಟಿ ಪಡಸಾಲೆಗೆ ಬಂದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಳು.

"ಇನ್ನೊಮ್ಮೆ ಹಚ್ಚು," ಎಂದಳು.

ಹಚ್ಚಿದೆ. ಆ ಎರಡನೆಯ ಪೆಟ್ಟನ್ನು ನಾನು ತೆಗೆಯಲೇ ಇಲ್ಲ.