ಹೊಳೆದಂಡೆಯ ಓಣಿಗೆ ಎರಡು ಮತ

ಹಿಂದಿನ ಪುರಸಭೆ ಚುನಾವಣೆಯ ಮರುವರ್ಷ ನಾನು ನಮ್ಮ ಸಣ್ಣ ಪ್ರಗತಿಪರ ಪಕ್ಷದ ಹಳಿಯಾಳ-ದಾಂಡೇಲಿ ಭಾಗದ ಕಾರ್ಯದರ್ಶಿಯಾಗಿದ್ದೆ. ಈ ಸೀಮೆಯ ಒಂದು ಪುರಸಭೆಯಲ್ಲಿ ಯಾರಿಗೂ ಬಹುಮತ ಬಂದಿರಲಿಲ್ಲ. ಊರಿನ ಹೆಸರು ಬೇಡ. ಅಧ್ಯಕ್ಷ ಪಾಟೀಲರ ಕುರ್ಚಿ ನಿಂತಿದ್ದು ನಮ್ಮ ಇಬ್ಬರು ಸದಸ್ಯರ ಬಾಹ್ಯ ಬೆಂಬಲದ ಮೇಲೆ. ಅಂದರೆ ಅಧಿಕಾರದಲ್ಲಿ ಪಾಲು ಕೇಳದೆ ಹೊರಗಿನಿಂದ ಕೊಡುವ ಬೆಂಬಲ.

ಜನವರಿಯಲ್ಲಿ ಬಜೆಟ್ ಕರಡು ಕೈಗೆ ಬಂತು. ಹೊಳೆದಂಡೆಯ ಓಣಿಯನ್ನು ತೆರವು ಮಾಡಿ ಪ್ರವಾಸಿಗರ ಗಾಡಿಗಳಿಗೆ ಪಾರ್ಕಿಂಗ್ ಮಾಡುವ ಯೋಜನೆ ಅದರಲ್ಲಿತ್ತು. ಕೂಲಿ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದವರ ಓಣಿ ಅದು. ನಮ್ಮ ಸದಸ್ಯೆ ಗಂಗಕ್ಕನ ಮನೆಯೂ ಅಲ್ಲೇ.

ನನಗೆ ಮೈಯೆಲ್ಲ ಉರಿಯಿತು. ಪಾಟೀಲರ ಮನೆಗೇ ಹೋಗಿ ಕೇಳಿದೆ. ಅವರು ನಿಧಾನಕ್ಕೆ ಚಹಾ ಕುಡಿಯುತ್ತ ಹೇಳಿದರು: "ಬಜೆಟ್ ಬಿದ್ರ ನಾ ಇಳೀತೇನಿ. ದೇಸಾಯಿ ಬರ್ತಾನ. ಅವಾ ನಿಮ್ಮ ಓಣಿ ಉಳಸ್ತಾನೇನ್ರಿ?"

ದೇಸಾಯರು ವಿರೋಧ ಪಕ್ಷದ ನಾಯಕ. ಪಾರ್ಕಿಂಗ್ ಬೇಕೆಂದು ಮೊದಲು ಗದ್ದಲ ಎಬ್ಬಿಸಿದ್ದೇ ಅವರು. ನಾನು ಎದ್ದು ಬಂದೆ.

ಉಳಿದದ್ದು ತಿದ್ದುಪಡಿಯ ದಾರಿ. ಆ ಒಂದು ಯೋಜನೆಯನ್ನು ಮಾತ್ರ ಕೈಬಿಡಬೇಕೆಂದು ಸಭೆಯಲ್ಲಿ ಮತಕ್ಕೆ ಹಾಕುವುದು. ಗೆದ್ದರೆ ಉಳಿದ ಬಜೆಟ್ಟಿಗೆ ಬೆಂಬಲ, ಸೋತರೆ ಇಡೀ ಬಜೆಟ್ಟಿಗೆ ವಿರೋಧ. ಇದನ್ನು ಪಾಟೀಲರಿಗೂ ಊರಿಗೂ ಮೊದಲೇ ಹೇಳಿಬಿಟ್ಟೆವು. ಆದರೆ ಗೆಲ್ಲಲು ದೇಸಾಯರ ಬಣವೂ ಕೈ ಎತ್ತಬೇಕಿತ್ತು. ನಮ್ಮನ್ನು ಸೋಲಿಸಿದರೆ ಪಾಟೀಲರು ತಾವಾಗಿಯೇ ಬೀಳುತ್ತಿದ್ದರು. ದೇಸಾಯರಿಗೆ ಬೇಕಾದದ್ದೂ ಅದೇ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ನಮ್ಮ ಕಡೆ ಅಂದು ನಮಗಾಗದವರ ಮನೆಗೂ ಕುಸುರೆಳ್ಳು, ಅಂದರೆ ಸಕ್ಕರೆ ಲೇಪಿಸಿದ ಎಳ್ಳು, ಕೊಡಲು ಹೋಗಬಹುದು. ತೆಗೆದುಕೊಂಡವರು ಒಳ್ಳೆಯ ಮಾತನ್ನೇ ಆಡಬೇಕು. ಗಂಗಕ್ಕ ಓಣಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ದೇಸಾಯರ ಮನೆಗೆ ಹೊರಟರು.

"ಒಳಒಪ್ಪಂದ ಅಂತಾರ, ಬ್ಯಾಡ ಗಂಗಕ್ಕ" ಎಂದೆ.

"ಹಬ್ಬದಾಗ ಯಾರೂ ಬಾಗಲಾ ಹಾಕ್ಕೊಳ್ಳಂಗಿಲ್ಲ ಅಣ್ಣಾರ. ಇವತ್ತ ಕೇಳೂಣು."

ಗೊಣಗುತ್ತ ನಾನೂ ಹಿಂದೆ ಹೋದೆ. ಪಡಸಾಲೆಯಲ್ಲಿ ದೇಸಾಯರೂ ಅವರ ತಾಯಿಯೂ ಕೂತಿದ್ದರು. ಇಬ್ಬರಿಗೂ ಕುಸುರೆಳ್ಳು ಕೊಟ್ಟು ಗಂಗಕ್ಕ ಕೇಳಿದರು: "ನಮ್ಮ ಮನಿ ಕೆಡವಾಕ ನೀವೂ ಕೈ ಎತ್ತತೀರೇನ್ರಿ?"

ದೇಸಾಯರು ತಾಯಿಯ ಮುಖ ನೋಡಿದರು. "ಇಲ್ಲ ಬಿಡ್ರಿ" ಎಂದರು.

ಸಭೆಯ ದಿನ ತಿದ್ದುಪಡಿ ಮತಕ್ಕೆ ಬಂದಾಗ ದೇಸಾಯರು ಕೈ ಎತ್ತದೆ ಕೂತಿದ್ದರು. ಪಕ್ಕದವನು ಅವರ ಕಿವಿಯಲ್ಲಿ ಏನೋ ಊದುತ್ತಿದ್ದ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದರು. ಕೊನೆಗೆ ತಿದ್ದುಪಡಿಯ ಪರವಾಗಿ ದೇಸಾಯರ ಕೈ ಎದ್ದಿತು, ಹಿಂದೆಯೇ ಇಡೀ ಬಣದ್ದು.

ಓಣಿ ಉಳಿಯಿತು ಎನ್ನುವಷ್ಟರಲ್ಲಿ ದೇಸಾಯರು ಗಂಗಕ್ಕನತ್ತ ಬಾಗಿದರು: "ಈಗ ಬಜೆಟ್ ಬೀಳಸೂಣು. ನೀವ ಉಪಾಧ್ಯಕ್ಷರಾಗ್ರಿ."

"ಊರ ಮುಂದ ಮಾತ ಕೊಟ್ಟೇವ್ರಿ" ಎಂದು ಗಂಗಕ್ಕ ಬಜೆಟ್ ಪರವಾಗಿ ಕೈ ಎತ್ತಿದರು. ನಮ್ಮ ಇನ್ನೊಬ್ಬ ಸದಸ್ಯರೂ ಎತ್ತಿದರು. ಪಾಟೀಲರ ಕುರ್ಚಿ ಉಳಿಯಿತು. ಆದರೂ ಅವರು ನಮಗೆ ಮುಖ ಕೊಡದೆ ಹೊರಟುಹೋದರು.

ಬೆಂಬಲ ಎಲ್ಲಿಯವರೆಗೆ ಎಂದು ಮೊದಲೇ ಹೇಳಬೇಕು, ಹೇಳಿದಂತೆ ನಡೆಯಬೇಕು. ಸಣ್ಣ ಪಕ್ಷಕ್ಕೆ ಇದಕ್ಕಿಂತ ದೊಡ್ಡ ತಂತ್ರವನ್ನು ನಾನು ಕಂಡಿಲ್ಲ. ಮುಂದಿನ ಬಜೆಟ್ ಹೊತ್ತಿಗೆ ಪಾಟೀಲರು ಕರಡು ಹಿಡಿದು ತಾವೇ ಓಣಿಗೆ ಬಂದರು. ಗಂಗಕ್ಕನ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದರು: "ಇದರಾಗ ಏನರ ತಗೀಬೇಕಂದ್ರ ಈಗ ಹೇಳಿಬಿಡ್ರಿ ಗಂಗಕ್ಕಾರ."